ಉದ್ಯಾನ ಕೊಟ್ಟವರ ಟಗರು

ಹರಪನಹಳ್ಳಿ ಬಸ್ಸಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಕೊಟ್ಟೂರಿನಲ್ಲಿ ಬಸ್ಸು ಬರುವವರೆಗೆ ಪಕ್ಕದ ಓಣಿಯ ಉದ್ಯಾನದಲ್ಲಿ ಕೂತಿದ್ದೆ. ಟಗರೊಂದು ತಲೆ ತಗ್ಗಿಸಿ ನನ್ನತ್ತ ನುಗ್ಗಿತು. ನಾನು ಮಕ್ಕಳ ಜಾರುಬಂಡೆ ಏರಿದೆ. ಅದು ಏಣಿಗೊಮ್ಮೆ ಗುದ್ದಿ, ಸುತ್ತಿ ಬಂದು, ಜಾರುವ ತುದಿಯಲ್ಲಿ ಕಾದು ನಿಂತಿತು.

ಗೇಟಿನ ಬಳಿ ಅಜ್ಜಿಯೊಬ್ಬರು ನಗುತ್ತಿದ್ದರು. ಉದ್ಯಾನಕ್ಕೆ ಜಾಗ ದಾನ ಕೊಟ್ಟವರು ತಾವೇ ಎಂದರು. ಮೊದಲು ಅಲ್ಲಿ ಅವರ ಕುರಿಹಟ್ಟಿ ಇತ್ತಂತೆ.

"ದಾನ ಕೊಟ್ಟ ಮೇಲೂ ಇದನ್ನು ಯಾಕಮ್ಮ ಇಲ್ಲಿ ಬಿಟ್ಟಿದ್ದೀರಿ?" ಎಂದು ಕಿರುಚಿದೆ.

"ಕೊಟ್ಟಿದ್ದು ನಾವ್ರಿ. ಅದು ಎಲ್ಲಿ ಒಪ್ಪೈತಿ?"

ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು.

"ಜಾರ್ರಿ ಸರ್, ಜಾರ್ರಿ! ಜಾರಿ ಬರೋ ಹುಡುಗ್ರಿಗೆ ಅದು ಏನೂ ಮಾಡಂಗಿಲ್ಲ."

ಚೀಲವನ್ನು ಎದೆಗವಚಿಕೊಂಡು, ಕಣ್ಣು ಮುಚ್ಚಿ ಜಾರಿದೆ. ಟಗರು ನನ್ನ ಕನ್ನಡಕ ಮೂಸಿತು. ಆಮೇಲೆ ಪಕ್ಕಕ್ಕೆ ಸರಿದು, ಮುಂದಿನ ಹುಡುಗ ಯಾರೆಂದು ಮೇಲೆ ನೋಡತೊಡಗಿತು.