ನೋಟ್‌ಪ್ಯಾಡ್ ಸಾಕು ಎಂದ ಸರ್

ಬೇಯಿಸಿದ ರೇಷ್ಮೆಗೂಡಿನ ವಾಸನೆಗೆ ಬೇರೆಯವರಿಗೆ ಹೊಟ್ಟೆ ತೊಳಸುತ್ತದೆ. ನನಗೆ ಮಾತ್ರ ಎಚ್‌ಟಿಎಂಎಲ್ ನೆನಪಾಗುತ್ತದೆ! ಮೊನ್ನೆ ಶಿಡ್ಲಘಟ್ಟದಲ್ಲಿ ಮಾಮೂ ಮನೆಗೆ ಹೋಗುವಾಗ, ನೂಲು ಬಿಚ್ಚುವ ಶೆಡ್ಡೊಂದರ ಮುಂದೆ ಅದೇ ವಾಸನೆ ಬಂದು ಕಾಲು ತಾನಾಗಿಯೇ ನಿಂತಿತು. ಅದರ ಮೇಲಿನ ಮಹಡಿಯಲ್ಲೇ ನಮ್ಮ ಸರ್ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದರು. ಈಗ ಅಲ್ಲಿ ಬೀಗ...

ಪಿಯುಸಿ ಮುಗಿಸಿ, ಎಚ್‌ಟಿಎಂಎಲ್ ಎಂಬ ಕೋಡಿನಲ್ಲಿ ವೆಬ್‌ಸೈಟ್ ಮಾಡುವುದನ್ನು ಕಲಿಯಲು ಅಲ್ಲಿಗೆ ಸೇರಿದ್ದೆ. ಕೋಡ್ ಬರೆಯಲು ಒಂದು ಎಡಿಟರ್ ಬೇಕಲ್ಲ. ಕೋಡನ್ನು ಬಣ್ಣಬಣ್ಣದಲ್ಲಿ ತೋರಿಸಿ, ತಪ್ಪಿಗೆ ಕೆಂಪು ಗೆರೆ ಎಳೆದು, ಅರ್ಧ ಬರೆದರೆ ಉಳಿದರ್ಧ ತಾನೇ ತುಂಬುವ ಎಡಿಟರ್‌ಗಳು ಆಗಲೇ ಪುಕ್ಕಟೆಯಾಗಿ ಸಿಗುತ್ತಿದ್ದವು. ಸರ್ ಮಾತ್ರ ಕಂಪ್ಯೂಟರಿನಲ್ಲೇ ಬರುವ, ಬರೀ ಕಪ್ಪು ಅಕ್ಷರ ತೋರಿಸುವ ನೋಟ್‌ಪ್ಯಾಡ್ ಬಿಟ್ಟು ಇನ್ನೇನನ್ನೂ ಮುಟ್ಟಗೊಡುತ್ತಿರಲಿಲ್ಲ. ದಿಬ್ಬೂರಹಳ್ಳಿಯಿಂದ ಬರುತ್ತಿದ್ದ ಗೆಳತಿಯೊಬ್ಬಳು ಒಮ್ಮೆ ಕದ್ದು ಹೊಸ ಎಡಿಟರ್ ಹಾಕಿದಳು. ಕಂಪ್ಯೂಟರ್ ಗುರ್ ಎಂದು ನಿಂತೇ ಹೋಯಿತು. ಸರ್ ಕೆಂಡಾಮಂಡಲವಾದರು.

“ಊರುಗೋಲು ಹಿಡ್ಕೊಂಡು ನಡೆಯೋದು ಕಲೀತೀರೇನಮ್ಮ? ಕೈಗೆ ಬರ್ಬೇಕು, ಕೈಗೆ! ಎಡಿಟರ್ ಕೇಳೋರ್ನ ಯಾವ ಆಫೀಸ್ನೋರೂ ತಗೊಳಲ್ಲ.”

ನಾನು ನಂಬಿದೆ. ಎಂಥಾ ನಂಬಿಕೆ ಅಂತೀರಿ! ಅಣ್ಣ ತನ್ನ ಲ್ಯಾಪ್‌ಟಾಪ್‌ನಲ್ಲಿ ಹೊಸದನ್ನು ತೋರಿಸಲು ಬಂದರೆ ಅವನ ಮೇಲೇ ರೇಗಿದೆ. ಕೋಡಿನ ಪ್ರತಿ ತುಂಡಿನ ಕೊನೆಗೆ ಹಾಕಬೇಕಾದ ಮುಚ್ಚುವ ಟ್ಯಾಗ್ ಒಂದನ್ನೂ ಮರೆಯದೆ ಬರೆಯುತ್ತಿದ್ದೆ. ಸರ್ ಇಡೀ ಕ್ಲಾಸನ್ನು ನನ್ನ ಕುರ್ಚಿಯ ಹಿಂದೆ ನಿಲ್ಲಿಸಿ, “ನೋಡ್ರಪ್ಪ, ನನ್ನ ಸ್ಟೂಡೆಂಟ್ ಅಂದ್ರೆ ಹಿಂಗಿರ್ಬೇಕು” ಎನ್ನುತ್ತಿದ್ದರು. ಅಂಥ ದಿನ ಮನೆಗೆ ಹೋಗುವಾಗ ನನ್ನ ಕಾಲು ನೆಲದ ಮೇಲಿರುತ್ತಿರಲಿಲ್ಲ.

ಚಿಕ್ಕಬಳ್ಳಾಪುರದ ಒಂದು ಸಣ್ಣ ಕಚೇರಿಯಿಂದ ಸಂದರ್ಶನಕ್ಕೆ ಕರೆ ಬಂತು. ಸ್ಕಂದಗಿರಿ ಹತ್ತಲು ಬರುವವರಿಗೆ ರೂಮು ಕೊಡುವವರ ವೆಬ್‌ಸೈಟುಗಳನ್ನು ಅಲ್ಲಿ ಮಾಡುತ್ತಿದ್ದರು. ನಮ್ಮ ಅಬ್ಬಾ ಒಂದೇ ಮಾತು ಹೇಳಿದ್ದರು. ಈ ಕೆಲಸ ಸಿಕ್ಕರೆ ದಿನಾ ಬಸ್ಸಿನಲ್ಲಿ ಹೋಗಿ ಬರಬಹುದು, ಸಿಗದಿದ್ದರೆ ಬಂದಿರುವ ಸಂಬಂಧಕ್ಕೆ ಒಪ್ಪಿಕೊಳ್ಳಬೇಕು.

ಕಚೇರಿಯ ಯಜಮಾನರು ಒಂದು ಪುಟ ಮಾಡಿ ತೋರಿಸಲು ಹೇಳಿ, “ಯಾವ ಎಡಿಟರ್ ಬೇಕಮ್ಮ? ಎಲ್ಲಾ ಇದೆ” ಎಂದರು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು, “ನೋಟ್‌ಪ್ಯಾಡ್ ಸಾಕು ಸರ್” ಎಂದೆ.

ಅವರು ನಕ್ಕುಬಿಟ್ಟರು. “ಈಗಿನ ಕಾಲದಲ್ಲಿ ಇದನ್ನ ಯಾರಮ್ಮ ಕಲಿಸಿದ್ದು?”

ಹೆಮ್ಮೆಯಿಂದಲೇ ಸರ್ ಹೆಸರು ಹೇಳಿದೆ. “ಅರೆ, ಅವ್ರು ಇಲ್ಲೇ ಇದಾರಲ್ಲ!” ಎಂದು ಯಜಮಾನರು ಒಳಕೋಣೆಯತ್ತ ಕೂಗಿದರು. ಕ್ಲಾಸಿಲ್ಲದ ದಿನ ಸರ್ ಅಲ್ಲಿ ಕೆಲಸ ಮಾಡುತ್ತಿದ್ದರಂತೆ. ತೆರೆದ ಲ್ಯಾಪ್‌ಟಾಪ್ ಹಿಡಿದೇ ಹೊರಗೆ ಬಂದರು. ಪರದೆಯ ತುಂಬ ಬಣ್ಣಬಣ್ಣದ ಸಾಲುಗಳು.

“ನಿಮ್ಮ ಸ್ಟೂಡೆಂಟಾ ಸರ್ ಇವ್ರು?”

ಸರ್ ನನ್ನ ಮುಖ ನೋಡಲಿಲ್ಲ. “ಇರ್ಬೌದು. ಎಷ್ಟೋ ಜನ ಬರ್ತಾರೆ, ಹೋಗ್ತಾರೆ... ನಾನಂತೂ ಹೊಸ ಎಡಿಟರೇ ಕಲೀರಿ ಅಂತ ಬಡ್ಕೊಳ್ತೀನಿ. ಯಾರು ಕೇಳ್ತಾರೆ?”

ಸುಳ್ಳು ಎಂದು ಕಿರುಚಬೇಕಿತ್ತು. ಕಲಿಸಿದವರ ಎದುರು ದನಿ ಎತ್ತಬಾರದು ಎಂದು ಬೆಳೆಸಿದ್ದಾರಲ್ಲ, ಪುಟವನ್ನೂ ಮಾಡದೆ ತಲೆ ತಗ್ಗಿಸಿ ಎದ್ದು ಬಂದೆ. ಬಸ್ಸಿನಲ್ಲಿ ಕೂತ ಮೇಲೆ, ಅವತ್ತು ಗುರ್ ಎಂದು ನಿಂತ ಕಂಪ್ಯೂಟರ್ ನೆನಪಾಗಿ ಎಲ್ಲಾ ಅರ್ಥವಾಯಿತು. ಊರುಗೋಲೂ ಇಲ್ಲ, ಮಣ್ಣಾಂಗಟ್ಟಿಯೂ ಇಲ್ಲ. ಅವರ ಓಬೀರಾಯನ ಕಾಲದ ಕಂಪ್ಯೂಟರುಗಳಲ್ಲಿ ಹೊಸ ಎಡಿಟರ್ ಓಡುತ್ತಲೇ ಇರಲಿಲ್ಲ! ಹಾಗಂತ ಹೇಳಿದ್ದರೆ ನಾವೆಲ್ಲ ಕಲಿಯಲು ಚಿಂತಾಮಣಿಗೆ ಹೋಗಿಬಿಡುತ್ತಿದ್ದೆವು. ಅದಕ್ಕೇ ಇಲ್ಲದ್ದನ್ನೇ ದೊಡ್ಡ ಪಾಠ ಮಾಡಿ ನಮ್ಮ ತಲೆಗೆ ಕಟ್ಟಿದ್ದರು.

ಮದುವೆಯಾಗಿ ಗೌರಿಬಿದನೂರಿಗೆ ಬಂದೆ. ಮಗಳು ಶಾಲೆಗೆ ಸೇರಿದ ಮೇಲೆ ಹೊಸ ಎಡಿಟರ್ ಹಾಕಿಕೊಂಡು ಕೂತೆ. ಅದನ್ನು ಕಲಿಯಲು ಒಂದು ವಾರವೂ ಹಿಡಿಯಲಿಲ್ಲ. ಇಷ್ಟೇನಾ, ಇಷ್ಟಕ್ಕೇ ಅಷ್ಟು ವರ್ಷ ಹೋಯಿತಾ ಎಂದು ಹೊಟ್ಟೆ ಉರಿಯಿತು. ಈಗ ಮನೆಯಲ್ಲೇ ಕೂತು ಅಂಗಡಿಯವರಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ.

ಮೊನ್ನೆ ಶೆಡ್ಡಿನ ಮುಂದೆ ನಿಂತಿದ್ದಾಗ, ಗೂಡು ಬೇಯಿಸುತ್ತಿದ್ದ ಹೆಂಗಸು ಸರ್ ತೀರಿಕೊಂಡ ಸುದ್ದಿ ಹೇಳಿದಳು. ಒಂದು ದಿನ ಎದುರು ನಿಂತು ಕೇಳಬೇಕೆಂದು ಇಷ್ಟು ವರ್ಷ ಮಾತು ಜೋಡಿಸಿಟ್ಟುಕೊಂಡಿದ್ದೆ... ಅವನ್ನೆಲ್ಲ ಇನ್ನು ಯಾರಿಗೆ ಹೇಳಲಿ? ಕೆಲಸ ಕೈತಪ್ಪಿದ್ದಕ್ಕೆ ಈಗ ಬೇಜಾರಿಲ್ಲ. ‘ಹೌದು, ಇವಳಿಗೆ ನಾನೇ ಕಲಿಸಿದ್ದು’ ಎಂದು ಅವತ್ತು ಸರ್ ಒಂದು ಮಾತು ಹೇಳಿದ್ದರೆ, ಕೆಲಸ ಸಿಗದಿದ್ದರೂ ನಗುನಗುತ್ತಲೇ ಬಸ್ಸು ಹತ್ತುತ್ತಿದ್ದೆ.

“ಪಾಪ, ಒಳ್ಳೇ ಮನುಷ್ಯ ಕಣಮ್ಮ” ಎಂದಳು ಆಕೆ. ನನಗೆ ಅಳು ಬಂತು. ಸಿಟ್ಟು ಮಾತ್ರ ಹೋಗಲಿಲ್ಲ.