ಮಾಮಿಯ ಒಂಟಿ ಬೆಂಡೋಲೆ

ಮೊನ್ನೆ ಚಾಂದ್‌ಖೇಡಾದ ನಮ್ಮ ಮನೆಯ ವಾಷಿಂಗ್ ಮೆಷೀನ್ ಗಡಗಡ ಸದ್ದು ಮಾಡತೊಡಗಿತೆಂದು ರಿಪೇರಿಯವನನ್ನು ಕರೆಸಿದೆ. ಅವನು ಒಳಗಿನ ಡ್ರಮ್ಮು ಎತ್ತಿ, ಅಡಿಗೆ ಕೈ ಹಾಕಿ, ಒಂದು ಹಿಡಿ ಕರಿ ಲೋಳೆ ತೆಗೆದು ಹಳೆಯ ಪೇಪರಿನ ಮೇಲಿಟ್ಟ. ಎರಡು ಗುಂಡಿ, ಒಂದು ಸೇಫ್ಟಿಪಿನ್ನು, ಒಂದು ನಾಣ್ಯ. ಕಳೆದದ್ದೆಲ್ಲ ಬಂದು ಸೇರುವುದು ಇಲ್ಲಿಗೇ ಎಂದು ಗುಜರಾತಿಯಲ್ಲಿ ಹೇಳಿ ನಕ್ಕ. ಹಳಸಿದ ಸೋಪು, ನೆನೆದ ರಬ್ಬರು ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮೇಲಿನ ಮನೆಯ ಮಾಮಿ ನೆನಪಾದಳು. ಐವತ್ತು ವರ್ಷದ ಮೇಲಾಯಿತು. ಅವಳಿಗೆ ಬಹುವಚನ ಕೊಡಲು ನನಗೆ ಈಗಲೂ ಮನಸ್ಸು ಬರುವುದಿಲ್ಲ.

ಅರವತ್ತರ ದಶಕದಲ್ಲಿ ನಾವು ಇದೇ ಊರಿನ ಮಣಿನಗರದಲ್ಲಿ, ಸ್ಟೇಷನ್ನಿನ ಹಿಂದೆ, ಬಾಡಿಗೆ ಮನೆಯಲ್ಲಿದ್ದೆವು. ಧಾರವಾಡದ ಕಡೆಯವರು. ಅಪ್ಪ ರೈಲ್ವೆಯ ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತರು. ಮಾಮಿ ಮಂಗಳೂರಿನ ಕಡೆಯವಳು. ಗಂಡ ಬಟ್ಟೆ ಮಿಲ್ಲಿನಲ್ಲಿ ಇಂಜಿನಿಯರು. ಎರಡು ವರ್ಷ ವಿಲಾಯತಿಯಲ್ಲಿ ತರಬೇತಿ ಮುಗಿಸಿ ಬರುವಾಗ ಅವರು ಹಡಗಿನಲ್ಲಿ ಬಟ್ಟೆ ಒಗೆಯುವ ಮೆಷೀನು ತಂದಿದ್ದರು. ಅವ್ವನಿಗೆ ಗುಜರಾತಿ ಬಾಯಿಗೆ ಹತ್ತಿರಲಿಲ್ಲ. ಮಾಮಿ ಮತ್ತು ಆಚೀಚೆ ಬೀದಿಯ ನಾಲ್ಕು ಕನ್ನಡ ಮನೆ, ಇಷ್ಟೇ ಅವಳ ಲೋಕ.

ಎರಡು ತೊಟ್ಟಿಗಳ ಮೆಷೀನು ಅದು. ಒಂದರಲ್ಲಿ ತಳದ ತಟ್ಟೆ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗುತ್ತ ಸೋಪಿನ ನೀರನ್ನು ಬಟ್ಟೆಯೊಳಗೆ ನುಗ್ಗಿಸುತ್ತಿತ್ತು. ಅಲ್ಲಿಂದ ಒದ್ದೆ ಬಟ್ಟೆಯನ್ನು ಕೈಯಾರೆ ಎತ್ತಿ ಪಕ್ಕದ ತೂತಿನ ಬುಟ್ಟಿಗೆ ಹಾಕಬೇಕು. ಬುಟ್ಟಿ ಒಂದೇ ದಿಕ್ಕಿಗೆ ಬಿರುಸಾಗಿ ಸುತ್ತಿದರೆ ಬಟ್ಟೆ ಗೋಡೆಗೆ ಅಂಟಿಕೊಳ್ಳುತ್ತಿತ್ತು, ನೀರು ತೂತುಗಳಿಂದ ಹೊರಗೆ ಚಿಮ್ಮುತ್ತಿತ್ತು. ಆಮೇಲೆ ಸ್ವಚ್ಛ ನೀರು ಸುರಿದು ಮತ್ತೆ ಸುತ್ತಿಸಬೇಕು. ಸೋಪು ನಿಜವಾಗಿ ಹೋಗುವುದು ಆ ಎರಡನೆಯ, ಮೂರನೆಯ ಸುತ್ತಿನಲ್ಲಿ. ನಾನಾಗ ಬಿ.ಎಸ್ಸಿ. ಓದುತ್ತಿದ್ದೆ, ಆ ಬುಟ್ಟಿಯ ಮುಂದೆ ಎಷ್ಟು ಹೊತ್ತು ನಿಂತರೂ ನನಗೆ ಬೇಸರವಾಗುತ್ತಿರಲಿಲ್ಲ. ಸುತ್ತಿಸುವ ಮುನ್ನ ಬಟ್ಟೆಯ ಮೇಲೆ ಒತ್ತಿ ಮುಚ್ಚಲು ಒಂದು ದಪ್ಪ ರಬ್ಬರ್ ಬಿಲ್ಲೆ ಕೊಟ್ಟಿದ್ದರು. ಮಾಮಿ ಅದನ್ನು, ಜಾರಬಾರದೆಂದು, ರುಬ್ಬುವ ಕಲ್ಲಿನ ಅಡಿಗೆ ಹಾಕಿದ್ದಳು.

ದೀಪಾವಳಿ ಬಂತು. ಎಣ್ಣೆ ಹಚ್ಚಿಕೊಳ್ಳುವ ಮುನ್ನ ಮಾಮಿ ತನ್ನ ವಜ್ರದ ಬೆಂಡೋಲೆ ಎರಡನ್ನೂ ಕಿವಿಯಿಂದ ಬಿಚ್ಚಿ, ಉಟ್ಟ ಹಳೆ ಸೀರೆಯ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಎಣ್ಣೆ ತಾಗಿದರೆ ಕಲ್ಲು ಮಂಕಾಗುತ್ತದೆಂದು ಆಗಿನ ಹೆಂಗಸರೆಲ್ಲ ಹಾಗೇ ಮಾಡುತ್ತಿದ್ದರು. ಸ್ನಾನವಾದ ಮೇಲೆ ಗಂಟು ಮರೆತು ಸೀರೆಯನ್ನು ಮೆಷೀನಿಗೆ ಹಾಕಿದಳು. ಅವ್ವ ಬೇಸನ್ ಉಂಡಿಯ ತಟ್ಟೆ ಹಿಡಿದು ಮೇಲೆ ಹೋದಾಗ ಮೆಷೀನು ತಿರುಗುತ್ತಿತ್ತು. ಮಾಮಿಗೆ ಹಿಂದೊಮ್ಮೆ ಅದರಿಂದ ಕರೆಂಟು ಹೊಡೆದಿತ್ತು. "ಅಕ್ಕ, ನೀವೇ ಸ್ವಲ್ಪ ಬಟ್ಟೆ ತೆಗೆದು ಆಚೆ ಬುಟ್ಟಿಗೆ ಹಾಕ್ತೀರಾ? ನಂಗೆ ಹೆದರಿಕೆ" ಎಂದಳು. ತನಗೆ ಹೊಡೆಯುವ ಕರೆಂಟು ಅವ್ವನಿಗೆ ಹೊಡೆದರೆ ಅಡ್ಡಿಯಿಲ್ಲ, ನೋಡಿ. ಅವ್ವ ಹಾಕಿಕೊಟ್ಟಳು.

ಸೀರೆ ಒಣಹಾಕುವಾಗ ನೋಡಿದರೆ, ಸಡಿಲವಾದ ಗಂಟಿನಲ್ಲಿ ಒಂದೇ ಬೆಂಡೋಲೆ. ತೊಟ್ಟಿ, ಬುಟ್ಟಿ, ಬಚ್ಚಲ ಮೋರಿ ಎಲ್ಲ ತಡಕಿದರಂತೆ. ಆಮೇಲೆ ಮಾಮಿ ಕೆಳಗಿಳಿದು ಬಂದಳು. ಹಬ್ಬಕ್ಕೆಂದು ಕನ್ನಡ ಮನೆಗಳ ಹೆಂಗಸರೆಲ್ಲ ನಮ್ಮಲ್ಲಿ ಕೂತಿದ್ದರು. ಹೊಸ್ತಿಲಲ್ಲೇ ನಿಂತು, "ಸೀರೆ ಮುಟ್ಟಿದ್ದು ನಾನು, ಬಿಟ್ರೆ ನೀವು. ನನ್ನದನ್ನು ನಾನೇ ಕದಿಯುವುದಿಲ್ಲ ಅಲ್ವಾ?" ಎಂದಳು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದರು.

ಎರಡು ದಿನ ನಾನು ತಲೆ ಕೆಡಿಸಿಕೊಂಡೆ. ಮೂರನೆಯ ದಿನ ಹೊಳೆಯಿತು. ನೀರನ್ನು ಹೊರಗೆಸೆಯುವ ಬುಟ್ಟಿ ಬೆಂಡೋಲೆಯನ್ನೂ ಎಸೆದಿರಬೇಕು. ತೂತಿನಲ್ಲಿ ಅದು ತೂರದು. ಮೇಲೆ ರಬ್ಬರ್ ಬಿಲ್ಲೆ ಇಲ್ಲ. ಅಂದಮೇಲೆ ಅಂಚು ಹಾರಿ, ಬುಟ್ಟಿಗೂ ಹೊರಗಿನ ಗೋಡೆಗೂ ನಡುವಿನ ಸಂದಿಗೆ ಬಿದ್ದಿದೆ! ಮೆಟ್ಟಿಲು ಹತ್ತಿ ಓಡಿದೆ. ಬುಟ್ಟಿ ಬಿಚ್ಚಿಸಿ ನೋಡಿ ಎಂದು ಬೇಡಿಕೊಂಡೆ.

"ತಾಯಿ ತೆಗೆದದ್ದನ್ನು ಮಗಳು ಅಲ್ಲಿ ಹಾಕಿ, ಇಗೋ ಸಿಕ್ಕಿತು ಅಂತ ತೋರಿಸ್ಲಿಕ್ಕಾ? ನೀನು ಕಾಲೇಜಿಗೆ ಹೋಗುವುದು ಇದನ್ನು ಕಲೀಲಿಕ್ಕಾ?" ಎಂದು ಮಾಮಿ ಬಾಗಿಲು ಹಾಕಿಕೊಂಡಳು. ಬಾಗಿಲು ಮುಚ್ಚುವ ಮುನ್ನ ನೋಡಿದೆ, ಗಂಡ ಅಲ್ಲೇ ಕೂತು ಪೇಪರು ಓದುತ್ತಿದ್ದರು. ನಾನು ಹೇಳಿದ್ದು ಸರಿಯೆಂದು ಆ ಇಂಜಿನಿಯರಿಗೆ ಹೊಳೆದಿತ್ತು; ಮುಖ ನೋಡಿದರೇ ಗೊತ್ತಾಗುತ್ತಿತ್ತು. ಪೇಪರನ್ನು ಸ್ವಲ್ಪ ಮೇಲೆತ್ತಿ ಹಿಡಿದುಕೊಂಡರು, ಅಷ್ಟೇ.

ಅಂದಿನಿಂದ ಅರಿಶಿನ ಕುಂಕುಮಕ್ಕೆ ಅವ್ವನನ್ನು ಕರೆಯುವುದು ಕಡಿಮೆಯಾಯಿತು. ಕರೆದಲ್ಲಿಗೆ ಹೋದರೂ ಅವಳು ಎರಡೂ ಕೈಗಳನ್ನು ಮಡಿಲ ಮೇಲೆ, ಎಲ್ಲರಿಗೂ ಕಾಣುವಂತೆ, ಬಿಡಿಸಿ ಇಟ್ಟುಕೊಂಡು ಕೂರುತ್ತಿದ್ದಳು. ಆ ಕೈಗಳನ್ನು ನೋಡಿದ ದಿನವೆಲ್ಲ ಸಂಜೆ ದೇವರ ಮುಂದೆ ದೀಪ ಹಚ್ಚಿ, ಮಾಮಿಯ ಮನೆ ಹಾಳಾಗಲಿ ಎಂದು ಬೇಡಿಕೊಳ್ಳುತ್ತಿದ್ದೆ. ನನಗೆ ನಾಚಿಕೆಯೇನೂ ಆಗುತ್ತಿರಲಿಲ್ಲ.

ಎರಡು ವರ್ಷದ ಮೇಲೆ ಮಾಮಿಯ ಗಂಡನಿಗೆ ಸೂರತ್ತಿನ ಮಿಲ್ಲಿನಲ್ಲಿ ಕೆಲಸವಾಯಿತು. ಮೆಷೀನಿನ ಮೋಟಾರು ಅಷ್ಟರಲ್ಲಿ ಸುಟ್ಟುಹೋಗಿತ್ತು. ಹೊರಡುವಾಗ ಅದನ್ನು ಗುಜರಿಯವನಿಗೆ ಕೊಟ್ಟರು. ಅವರ ಟಾಂಗಾ ಬೀದಿಯ ತಿರುವು ದಾಟುವವರೆಗೆ ಕಾದಿದ್ದು, ನಾನು ಅವನ ಕೈಗಾಡಿಯನ್ನು ತಡೆದೆ. ಕಾಕಾ, ಇಲ್ಲೇ ಬಿಚ್ಚು ಎಂದೆ. ಅವನು ಬೈದುಕೊಳ್ಳುತ್ತ ಉಳಿಯಿಟ್ಟು ಹೊಡೆದು ಬುಟ್ಟಿ ಕಿತ್ತ. ತಳದಲ್ಲಿ ಸೋಪಿನ ಕರಿ ಲೋಳೆ... ಅದರೊಳಗೆ ಬೆಂಡೋಲೆ.

ಅವ್ವ ಅದನ್ನು ಸೀಗೆಪುಡಿಯಲ್ಲಿ ತಿಕ್ಕಿ ತೊಳೆದು ನನ್ನ ಕೈಗಿಟ್ಟಳು. "ಸೂರತಕ್ಕ ಹೋಗಿ ಕೊಟ್ಟ ಬಾ. ಆಕಿ ಬಾಯಿಂದ ಒಂದ ಮಾತ ಬರಲಿ. ಈ ನಾಕ ಮನಿಯವರಿಗೆ ಒಂದ ಕಾಗದ ಬರದ್ರ ಸಾಕು."

"ಆಕಿ ನಂಬ್ತಾಳೇನವ್ವಾ?"

"ತಿರುಗಿ ಕೊಟ್ಟವರನ್ನ ಯಾರರೆ ಕಳ್ಳರು ಅಂತಾರೇನು?"

ಅಪ್ಪನ ಪಾಸಿನಲ್ಲಿ ರೈಲು ಹತ್ತಿದೆ. ಸೂರತ್ತಿನ ಮನೆಯಲ್ಲಿ ಮಾಮಿ ನನ್ನನ್ನು ಒಳಗೆ ಕೂರಿಸಿದಳು. ಕಿವಿಯಲ್ಲಿ ಅಗ್ಗದ ಗಾಜಿನ ಕಲ್ಲುಗಳಿದ್ದವು. ನೋಡಿ ನನಗೆ ಹಾಯೆನಿಸಿತು. ಬೆಂಡೋಲೆ ಕರವಸ್ತ್ರದಲ್ಲಿ, ಕರವಸ್ತ್ರ ನನ್ನ ಮುಷ್ಟಿಯಲ್ಲಿ. ಬಾಯಿ ತೆರೆಯಬೇಕು, ಅಷ್ಟರಲ್ಲಿ ಮಾಮಿ ಎದ್ದಳು. ಟೀಪಾಯಿಯ ಮೇಲಿದ್ದ ಬೆಳ್ಳಿಯ ಕುಂಕುಮ ಭರಣಿಯನ್ನು ಎತ್ತಿಕೊಂಡು ಒಳಕೋಣೆಗೆ ಹೋಗಿ, ಬರಿಗೈಯಲ್ಲಿ ವಾಪಸು ಬಂದು ಕೂತಳು. "ಹ್ಞಾಂ, ಎಂತ ಬಂದದ್ದು?"

"ಸುಮ್ಮನೆ. ಈ ಕಡೆ ಬಂದಿದ್ದೆ" ಎಂದೆ.

ವಾಪಸು ಬರುವಾಗ ವಡೋದರಾ ಸ್ಟೇಷನ್ನಿನಲ್ಲಿ ಇಳಿದು ಹೊಟ್ಟೆ ತುಂಬ ಪೂರಿ ತಿಂದೆ. ಒಂಟಿ ಬೆಂಡೋಲೆ ಇಟ್ಟುಕೊಂಡು ಬದುಕಿರುವಷ್ಟು ದಿನ ಕೊರಗಲಿ ಎಂದುಕೊಂಡೆ. ಅಷ್ಟು ರುಚಿಯಾದ ಪೂರಿ ನಾನು ಮತ್ತೆ ತಿಂದಿಲ್ಲ.

ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. "ಕೊಟ್ಟಿ?"

"ಕೊಟ್ಟೆ."

"ಏನಂದಳು?"

ಅವಳ ಮುಖ ನೋಡಿ ನಾಲಿಗೆ ತಾನಾಗಿ ಹೊರಳಿತು. "ಎಲ್ಲಾರಿಗೂ ಕಾಗದ ಬರೀತೀನಿ ಅಂದಳು."

ಆ ಸುಳ್ಳು ಎಷ್ಟು ವರ್ಷ ಬಾಳುತ್ತದೆಂದು ನನಗೆ ಹೇಗೆ ಗೊತ್ತಾಗಬೇಕು... ಅಂಚೆಯವನ ಸೈಕಲ್ಲಿನ ಗಂಟೆ ಕೇಳಿದರೆ ಅವ್ವ ಒಲೆಯ ಮೇಲಿನದನ್ನು ಹಾಗೇ ಬಿಟ್ಟು ಹೊರಗೆ ಹೋಗುತ್ತಿದ್ದಳು. ಸತ್ಯ ಹೇಳಿದರೆ ಬೆಂಡೋಲೆ ಕೊಟ್ಟು ಬಾ ಎಂದು ಮತ್ತೆ ಕಳಿಸುತ್ತಾಳೆ. ಕೊಡಲು ನನಗಿಷ್ಟವಿರಲಿಲ್ಲ. ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲೂ ಕೇಳಿದಳು, "ಸೂರತದಿಂದ ಕಾಗದ ಬಂತೇನ?" ಆಗಲೂ ಅವಳ ಕೈಗಳು ಹೊದಿಕೆಯ ಮೇಲೆ, ಬಿಡಿಸಿಕೊಂಡೇ ಇದ್ದವು.

ಮಾಮಿಯೂ ಸತ್ತು ಬಹಳ ಕಾಲವಾಯಿತು. ಕಡೆಯವರೆಗೂ ಆ ಒಂದು ಬೆಂಡೋಲೆಯನ್ನು ಡಬ್ಬಿಯಿಂದ ತೆಗೆತೆಗೆದು ನೋಡುತ್ತಿದ್ದಳು ಎಂದು ಯಾರೋ ಹೇಳಿದರು. ಕೇಳಿ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಅವಳನ್ನು ನಾನು ಕ್ಷಮಿಸಿಲ್ಲ. ಆದರೆ ಬೆಂಡೋಲೆ ಅವಳಿಗೆ ಸಿಕ್ಕಿದ್ದರೆ ಬರುತ್ತಿತ್ತೋ ಏನೋ, ಅವ್ವನಿಗೆ ಬೇಕಾಗಿದ್ದ ಆ ಒಂದು ಕಾಗದ. ಬರದಂತೆ ನೋಡಿಕೊಂಡವಳು ನಾನು.

ರಿಪೇರಿಯವನು ಹೋದ ಮೇಲೆ ಕಪಾಟಿನಿಂದ ಅದೇ ಕರವಸ್ತ್ರ ತೆಗೆದು ಬಿಚ್ಚಿದೆ. ಅವ್ವ ತೊಳೆದುಕೊಟ್ಟ ಕಲ್ಲುಗಳು ಇನ್ನೂ ಹೊಳೆಯುತ್ತಿವೆ. ಮಣಿನಗರದ ಆ ಕಟ್ಟಡದಲ್ಲಿ ಮಾಮಿಯ ಬೆಂಡೋಲೆ ಕದ್ದವರು ಒಬ್ಬರು ಇದ್ದದ್ದು ನಿಜ. ಮತ್ತೆ ಗಂಟು ಹಾಕಿ, ಬಿಗಿಯಾಗಿದೆಯೇ ಎಂದು ಎಳೆದು ನೋಡಿ, ಕಪಾಟಿನಲ್ಲಿಟ್ಟೆ.