ಮೂತಿಹುಳಕ್ಕೆ ಇಡದೇ ಹೋದ ಹೆಸರು

ಬೆಳಗಿನ ಆರು ಗಂಟೆ. ಚಾಮರಾಜನಗರದಾಚೆಯ ಬೆಟ್ಟದಲ್ಲಿ ಮಳೆಯ ಸುಳಿವಿಲ್ಲ, ಆದರೂ ಹುಚ್ಚಯ್ಯ ಕೊಡೆ ಬಿಚ್ಚುತ್ತಾರೆ. ಅದನ್ನು ತಲೆಕೆಳಗು ಮಾಡಿ ಪೊದೆಯಡಿ ಹಿಡಿದು, ಕೋಲಿನಿಂದ ಕೊಂಬೆಗೆ ಮೂರೇಟು ಹಾಕುತ್ತಾರೆ. ಎಲೆ, ಇರುವೆ, ಜೇಡ, ಇನ್ನೂ ನೂರೆಂಟು ಹುಳ ಕೊಡೆಯೊಳಗೆ ಉದುರುತ್ತವೆ. "ಜೋರಾಗಿ ಉಸುರು ಬಿಡಬ್ಯಾಡಿ ಸಾ, ಆರೋಯ್ತವೆ," ಎಂದು ಪತ್ರಿಕೆಗೆ ಬರೆಯಲು ಬಂದ ನನ್ನನ್ನೇ ಗದರುತ್ತಾರೆ.

ಕವಲಂದೆಯ ಈ ಐವತ್ನಾಲ್ಕರ ಮನುಷ್ಯ ಹದಿನೆಂಟು ವರ್ಷಗಳಿಂದ ಕೀಟ ಸಂಶೋಧಕರಿಗೆ ದಿನಗೂಲಿ ಸಹಾಯಕ. ಅದಕ್ಕೆ ಮುಂಚೆ ತಾಂಡ್ಯದ ಕಾರ್ಖಾನೆಗಳಲ್ಲಿ ಮೂಟೆ ಹೊರುತ್ತಿದ್ದರು. ಸೊಂಟ ಹಿಡಿದುಕೊಂಡು ಆ ಕೆಲಸ ಹೋಯಿತು. ಈಗ ದಿನಕ್ಕೆ ಇನ್ನೂರು ಪೊದೆ, ನಲವತ್ತು ಸೀಸೆ ಹುಳ. ಉಣ್ಣೆ ಕಚ್ಚಿದ್ದಕ್ಕೆ ಲೆಕ್ಕವಿಲ್ಲ.

ಮೂರು ವರ್ಷದ ಹಿಂದೆ ಅವರ ಕೊಡೆಗೆ ಅಕ್ಕಿಕಾಳಿನಷ್ಟು ದೊಡ್ಡ ಮೂತಿಹುಳವೊಂದು ಬಿತ್ತು. "ಬ್ಯಾರೆ ಮೂತಿಉಳ ಬಿದ್ದೇಟ್ಗೆ ಕಾಲು ಮಡಚ್ಕಂಡು ಸತ್ತಂಗೆ ನಾಟ್ಕ ಆಡ್ತವೆ ಕಣ್ರೀ. ಇದು ಎದ್ದು ನಡದ್ಬುಡ್ತು! ಯಾವನೋ ಒಸ ಗಿರಾಕಿ ಅಂದ್ಕಂಡೆ." ಸಂಶೋಧಕಿ ಹೇಮಲತಾ ಎರಡು ವರ್ಷ ಪರೀಕ್ಷಿಸಿದರು. ಲೋಕಕ್ಕೇ ಹೊಸ ಜಾತಿ! "ಕಂಡಿದ್ದು ನೀವು, ನಿಮ್ಮ ಹೆಸರನ್ನೇ ಇಡೋಣ್ವಾ?" ಎಂದು ಕೇಳಿದರು.

ಹುಚ್ಚಯ್ಯ ಬೇಡವೆಂದರು.

ಈ ಸೀಮೆಯ ಬಾಯಲ್ಲಿ 'ಹ' ನಿಲ್ಲುವುದಿಲ್ಲ. ಕೆಲಸಕ್ಕೆ ಸೇರಿದ ದಿನ ಹೆಸರು ಕೇಳಿದ್ದಕ್ಕೆ 'ಉಚ್ಚಯ್ಯ' ಎಂದಿದ್ದರು. ರಿಜಿಸ್ಟರಿನಲ್ಲಿ ಹಾಗೇ ಬರೆದುಕೊಂಡು ಸಂಶೋಧನಾ ವಿದ್ಯಾರ್ಥಿಗಳು ಹೊಟ್ಟೆ ಹಿಡಿದು ನಕ್ಕಿದ್ದರು. ಸುಳ್ಳೇಕೆ, ಕೇಳುವಾಗ ನನ್ನ ತುಟಿಯೂ ಅಲುಗಿತು, ಆಮೇಲೆ ನಾಚಿಕೆಯಾಯಿತು. "ಸರ್ಯಾಗಿ ಬರದ್ರೆ ತಲೆಕೆಟ್ಟೋನು, ತಪ್ಪಾಗಿ ಬರದ್ರೆ ಉಚ್ಚೆ. ಪ್ರಪಂಚದೋರೆಲ್ಲ ಓದೋ ಕಡೆ ಅದ್ಯಾಕೆ ಸಾ?" ಹುಳಕ್ಕೆ ಬೆಟ್ಟದ ಹೆಸರು ಬಿತ್ತು. ವಿಜ್ಞಾನ ಪತ್ರಿಕೆಯಲ್ಲಿ ಒಮ್ಮೆ ಅಚ್ಚಾದ ಹೆಸರನ್ನು ಮತ್ತೆ ಬದಲಿಸುವಂತಿಲ್ಲ.

ಊರಿಗೆ ಹೋಗಿ ತಾಯಿ ಮಂಗಳಮ್ಮನಿಗೆ ಇದನ್ನೆಲ್ಲ ತಮಾಷೆಯೆಂಬಂತೆ ಹೇಳಿದರು. ಇವರಿಗಿಂತ ಮೊದಲು ಹುಟ್ಟಿದ ಎರಡು ಮಕ್ಕಳು ತೊಟ್ಟಿಲಲ್ಲೇ ತೀರಿಹೋಗಿದ್ದವು. ಚೆಂದದ ಹೆಸರಿಟ್ಟರೆ ಯಮನ ಕಣ್ಣು ಬೀಳುತ್ತದೆಂದು, ಮೂರನೆಯದನ್ನು ಆಕೆ ಬೇಕೆಂದೇ ಹುಚ್ಚಯ್ಯ ಎಂದು ಕೂಗಿದ್ದರು. ಮಗನ ಮಾತು ಕೇಳಿ, ಅಕ್ಕಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟರು. "ನೀನು ಉಳ್ಕಂಡಿದ್ದೇ ಆ ಎಸ್ರಲ್ಲಿ ಕಣ್ಲಾ ಮಗಾ. ಅದ್ಕೆ ನಾಚ್ಕಂಡ್ಯಾ?"

"ಅವ್ವ ಬೈದಿದ್ರೆ ಚೆಂದಾಗಿತ್ತು ಸಾ. ಬೈಲಿಲ್ಲ. ತಪ್ಮಾಡ್ಬುಟ್ಟೆ," ಎನ್ನುತ್ತ ಹುಚ್ಚಯ್ಯ ಕೊಡೆಯಲ್ಲಿ ಉಳಿದ ಎಲೆಗಳನ್ನು ಕೊಡವುತ್ತಾರೆ.

ಮಂಗಳಮ್ಮನಿಗೀಗ ಎಂಬತ್ತೈದು. ಇನ್ನೊಂದು ಹೊಸ ಹುಳ ಸಿಕ್ಕೀತೇನೋ ಎಂದು ಮಗ ರಜೆಯ ದಿನವೂ ಕೊಡೆ ಹಿಡಿದು ಬೆಟ್ಟ ಹತ್ತುತ್ತಾರೆ. ಹೊಸ ಜಾತಿ ಕೇಳಿದಾಗಲೆಲ್ಲ ಸಿಗುವುದಿಲ್ಲವೆಂದು ಹೇಮಲತಾ ಹೇಳಿದ್ದಾರೆ.

ನಾನು ಹೊರಡುವಾಗ ಹುಚ್ಚಯ್ಯ ನನ್ನ ನೋಟ್‌ಬುಕ್ಕಿಗೆ ಇಣುಕುತ್ತಾರೆ. "ನನ್ನೆಸ್ರು ಎಂಗೆ ಬರ್ಕಂಡ್ರಿ ಸಾ?" ತೋರಿಸುತ್ತೇನೆ. ಬೆರಳಿಟ್ಟು ಒಂದೊಂದೇ ಅಕ್ಷರ ಓದುತ್ತಾರೆ.

"ಸರ್ಯಾಗೈತೆ. ಪೇಪರ್‌ನಲ್ಲಿ ದಪ್ಪಕ್ಷರದಲ್ಲಿ ಆಕ್ಸಿ. ಅವ್ವಂಗೆ ಓದಾಕ್ ಬರಾಕಿಲ್ಲ, ನಾನೇ ಗಟ್ಟಿಯಾಗಿ ಓದಿ ಏಳ್ತೀನಿ."